ಕುಕ್ಕರು ಕೂಗುವಷ್ಟು ಹೊತ್ತು

ಹಳಿ ರಿಪೇರಿಗೆಂದು ಲೋಕಲ್ ಟ್ರೇನು ತಡೆಯುವ ಭಾನುವಾರದ ಮೆಗಾಬ್ಲಾಕಿಗೆ ಸಿಕ್ಕಿ, ನೆರೂಳಿನಿಂದ ಹೊರಟ ನಮ್ಮ ಟ್ರೇನು ತುರ್ಭೆಯಲ್ಲೇ ನಿಂತುಬಿಡಬಹುದಿತ್ತು. ಆಮೇಲಿನ ರಿಕ್ಷಾ ಹೊಂಡಕ್ಕೆ ಕುಣಿದು ಹಾರ್ಮೋನಿಯಮ್ಮಿನ ತಿದಿ ಹರಿಯಬಹುದಿತ್ತು. ಹೆಂಡತಿಯ ಗಂಟಲು ಕಟ್ಟಬಹುದಿತ್ತು, ಮೈಕು ಚೀರಬಹುದಿತ್ತು, ನಮ್ಮನ್ನು ಭಜನೆಗೆ ಕರೆದಿದ್ದ ಕೋಪರಖೈರಣೆಯ ಹೌಸಿಂಗ್ ಸೊಸೈಟಿಯ ಹಾಲು ಅದೇ ಹೊತ್ತಿಗೆ ಯಾರದೋ ಬರ್ತ್‌ಡೇ ಪಾರ್ಟಿಗೂ ಬುಕ್ಕಾಗಿರಬಹುದಿತ್ತು. ಎಲ್ಲ ಸರಿಯಿದ್ದೂ ಕೇಳಲು ನಾನೊಬ್ಬನೇ ಇರಬಹುದಿತ್ತು. ಈ ಕಡೆಯ ಭಯಕ್ಕೆ ನನ್ನಲ್ಲಿ ಪುರಾವೆಯೂ ಇತ್ತು.

ಎರಡು ವರ್ಷದ ಹಿಂದೆ ನನ್ನ ಹೆಂಡತಿ ಸುಮತಿ ಅಡುಗೆಮನೆಯಲ್ಲಿ ಕೂತು ಹಾಡಿದ ದೇವರನಾಮವೊಂದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದ್ದೆ. ಪಲ್ಲವಿಯ ಅರ್ಧಕ್ಕೆ ಕುಕ್ಕರು ಕೂಗಿತ್ತು. ಅವಳು ಸಭ್ಯಸ್ಥೆ, ಅದು ಮುಗಿಸುವ ತನಕ ಬಾಯಿ ಮುಚ್ಚಿಕೊಂಡಿದ್ದು ಆಮೇಲೆ ಮುಂದುವರಿಸಿದಳು. ಸೀಟಿಯನ್ನು ನಾನು ಹೇಗೋ ಅಳಿಸಿದೆ. ಅಳಿಸಿದ ಜಾಗದ ಮೌನ ಹಾಗೇ ಉಳಿಯಿತು.

ಅಂದಿನಿಂದ ದಿನಕ್ಕೆರಡು ಸಲ ವ್ಯೂಸ್ ನೋಡುವ ರೋಗ ನನಗೆ. ಅದು ನೂರಾ ಹನ್ನೆರಡಕ್ಕೆ ಬಂದು ಕೂತಿತು. “ಪಪ್ಪಾ, ಇಸ್ಮೇ ಆಧೇ ತೋ ಆಪ್ ಹೀ ಹೋ,” ಎಂದಳು ಕನ್ನಡಕ್ಕೆ ಹಿಂದಿಯಲ್ಲೇ ಉತ್ತರಿಸುವ ಮಗಳು. ಅರ್ಧ ನಾನೇ ಎನ್ನುವುದು ಸುಳ್ಳು. ಮುಕ್ಕಾಲು ಇರಬಹುದು.

ಮೊದಲೆಲ್ಲ ಹಾಡುಗಾರರ ಯಶಸ್ಸು ಅಳೆಯುವುದು ಸುಲಭವಿತ್ತು: ಎಷ್ಟು ಕ್ಯಾಸೆಟ್ ಖರ್ಚಾಯಿತು? ಅದಕ್ಕೂ ಮೊದಲು, ರಾಜರ ಕಾಲದಲ್ಲಿ, ಎಷ್ಟು ತಲೆ ಅಲ್ಲಾಡಿತೆಂದು ನೋಡುತ್ತಿದ್ದಿರಬೇಕು. ತೂಕಡಿಸಿದವರೂ ಲೆಕ್ಕಕ್ಕೆ ಸೇರಿರುತ್ತಾರೆ. ಈಗ ಹೆಬ್ಬೆರಳಿನ ಕಾಲ. ಆದರೆ ಪಾತ್ರೆ ತೊಳೆಯುವಾಗ ಯಾರ ಬಾಯಲ್ಲಿ ಯಾವ ಹಾಡು ಉಳಿದಿದೆಯೆಂದು ಮೊಬೈಲಿಗೆ ಹೇಗೆ ಗೊತ್ತಾಗಬೇಕು?

“ಕೇಳುವವರಿಲ್ಲದೆ ಎಷ್ಟೂಂತ ಹಾಡೂದು ಮಾರಾಯ್ರೆ? ಈ ಭಜನೆಯೇ ಕಡೇದು. ಹಾರ್ಮೋನಿಯಂ ಯಾರಿಗಾದ್ರೂ ಕೊಟ್ಟುಬಿಡುವ,” ಎಂದಿದ್ದಳು ಸುಮತಿ, ಹೊರಡುವ ಮೊದಲು. ಹಾಗೆಲ್ಲ ಹೇಳಬೇಡ ಎಂದು ಗದರಿ, ಮರೆಯಲ್ಲಿ ಮೊಬೈಲು ತೆರೆದೆ. ನೂರಾ ಹದಿಮೂರು! ಹದಿಮೂರನೆಯದು ನಾನೇ.

ಟ್ರೇನು ಬಂತು, ತಿದಿ ಉಳಿಯಿತು, ಮೈಕು ಮಾತು ಕೇಳಿತು. ಹಾಲಿನಲ್ಲಿ ಮೂವತ್ತು ಹೆಂಗಸರಿದ್ದರು. “ಬರ್ರೀ ಅಕ್ಕಾರ!” ಎಂದರು ಧಾರವಾಡ ಕಡೆಯ ಹಿರಿಯರೊಬ್ಬರು. “ವಾರಾವಾರಾ ನಿಮ್ಮ ಹಾಡೇ ನಮಗ. ಒಂದ ಮೊಬೈಲಿಗೆ ಇಳಿಸ್ಕೊಂಡು, ಅದನ್ನ ನಡುವ ಇಟ್ಟು ಮೂವತ್ತೂ ಮಂದಿ ಕಲ್ತೀವಿ ನೋಡ್ರಿ.”

ನಾನು ಎರಡು ವರ್ಷ ನಂಬಿದ್ದ ಯಂತ್ರದ ಪ್ರಕಾರ ಅವರೆಲ್ಲ ಸೇರಿ ಒಬ್ಬರು.

ಸುಮತಿ ಅದೇ ದೇವರನಾಮ ಎತ್ತಿಕೊಂಡಳು, ಅವರೂ ದನಿಗೂಡಿಸಿದರು. ಪಲ್ಲವಿ ಅರ್ಧಕ್ಕೆ ಬಂದದ್ದೇ ಮೂವತ್ತೂ ಬಾಯಿ ಒಟ್ಟಿಗೆ ಮುಚ್ಚಿದವು. ಅಷ್ಟೇ ಭಕ್ತಿಯಿಂದ ಕಾದು, ಒಟ್ಟಿಗೇ ತೆರೆದವು. ಒಬ್ಬಳೇ ಮುಂದೆ ಹೋಗಿಬಿಟ್ಟಿದ್ದ ಸುಮತಿ ತಬ್ಬಿಬ್ಬಾಗಿ ನನ್ನತ್ತ ತಿರುಗಿದಳು. ನಾನು ಫ್ಯಾನು ನೋಡಿದೆ. ಪಲ್ಲವಿ ಮತ್ತೆ ಅಲ್ಲಿಗೆ ಬಂದಾಗ ಅವಳೂ ಬಾಯಿ ಮುಚ್ಚಿ, ಕಣ್ಣು ತುಂಬಿಕೊಂಡು, ಇಲ್ಲದ ಕುಕ್ಕರಿಗಾಗಿ ಕಾದಳು.

ವಾಪಸು ಬರುವಾಗ ಹಾರ್ಮೋನಿಯಂ ಅವಳ ಮಡಿಲಲ್ಲಿತ್ತು. “ಮುಂದಿನ ರೆಕಾರ್ಡಿಂಗಿಗೆ ಮೊದಲು ಗ್ಯಾಸ್ ಬಂದ್ ಮಾಡಿ ಮಾರಾಯ್ರೆ,” ಎಂದಳು, ಅಷ್ಟೇ.

ನಾನು ಹೆದರಿದ್ದ ಯಾವುದೂ ಅಂದು ಆಗಲಿಲ್ಲ. ತಪ್ಪಿದ್ದು ತಾಳವೊಂದೇ, ಅದೂ ಕುಕ್ಕರು ಒಮ್ಮೆ ಕೂಗುವಷ್ಟು ಹೊತ್ತು.