ಸೋಮಾರಿ ಪುಟದ ಕಾವಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಚೇರಿಯ ಮೂಲೆ ಮೇಜಿಗೆ ಕೂತ ಈಕೆಯ ಮುಂದೆ ಕಾಫಿ ಆರಿ ಕೆನೆಗಟ್ಟಿದೆ. ಪರದೆಯ ಮೇಲೆ ಒಂದು ಕೆಂಪು ಸಾಲು: ಸೇತುವೆ ಇಲಾಖೆಯ ಪುಟ ತೆರೆಯುತ್ತಿಲ್ಲ. ಹುಡುಕಿದವರಿಗೆ ಮಾತ್ರ ಹಳೆಯ ಉತ್ತರವೇ ಸಿಗುತ್ತಿದೆ, ‘ಸೇತುವೆ ಸಂಚಾರಕ್ಕೆ ಮುಕ್ತ’. ಹಾಲಿನ ವ್ಯಾನ್ ಓಡಿಸುವ ಗಂಡ ಆ ಸೇತುವೆ ದಾಟಲು ಹೊರಡುವ ಹೊತ್ತು. ಅವರ ಫೋನ್ ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಈಕೆ ಮತ್ತೆ ಅದೇ ನಂಬರ್ ಒತ್ತುತ್ತಾರೆ.

ಕಚೇರಿಯಲ್ಲಿ ಈಕೆ ಜೇಡಮ್ಮ. ಸರ್ಚ್ ಎಂಜಿನ್‌ನವರು ‘ಜೇಡ’ ಎಂದು ಕರೆಯುವ ಪ್ರೋಗ್ರಾಂ ಯಾವ ಪುಟಕ್ಕೆ ಎಷ್ಟು ಸಲ ಹೋಗಿಬರಬೇಕೆಂದು ನೋಡಿಕೊಳ್ಳುವುದು ಈಕೆಯ ಕೆಲಸ. ಹುಡುಕಿದಾಗ ಸಿಗುವುದೆಲ್ಲ ಆ ಕ್ಷಣದ್ದೆಂದು ನಾವು ಕಣ್ಣುಮುಚ್ಚಿ ನಂಬುತ್ತೇವಲ್ಲ, ಅದು ನಿಜವಾಗಿ ಜೇಡ ಕೊನೆಯ ಸಲ ಹೊತ್ತು ತಂದ ಪ್ರತಿ. ಸುದ್ದಿಯ ಪುಟಗಳಿಗೆ ಅದು ನಿಮಿಷಕ್ಕೊಮ್ಮೆ ಓಡುತ್ತದೆ. ವರ್ಷಗಟ್ಟಲೆ ಬದಲಾಗದವಕ್ಕೆ ಅಪರೂಪಕ್ಕೊಮ್ಮೆ. ಅಂಥವಕ್ಕೆ ಇಲ್ಲಿನವರು ತಮಾಷೆಗೆ ಇಟ್ಟ ಹೆಸರು ‘ಸೋಮಾರಿ ಪುಟ’.

ಸೇತುವೆಯ ಪುಟಕ್ಕೆ ಆ ಹೆಸರು ಹಚ್ಚಿದ್ದು ಈಕೆಯೇ. ಹೋದ ಮಳೆಗಾಲದಲ್ಲಿ ಕಂಬ ಕುಸಿದು ಇಲಾಖೆ ‘ಸಂಚಾರ ಬಂದ್’ ಎಂದು ಬರೆದರೂ ಜೇಡ ಆ ಕಡೆ ತಲೆ ಹಾಕಲಿಲ್ಲ. ಗಂಡ ಫೋನಿನಲ್ಲಿ ‘ಮುಕ್ತ’ ಎಂದು ನೋಡಿ ಹೊರಟರು. ಪುಣ್ಯಕ್ಕೆ ದಾರಿಯಲ್ಲಿ ಟೈರು ಪಂಕ್ಚರ್ ಆಯಿತು. ಟೈರು ಬದಲಿಸುತ್ತಿದ್ದಾಗ ಎದುರಿನಿಂದ ನಡೆದು ಬಂದವನೊಬ್ಬ ಸೇತುವೆ ಕುಸಿದ ವಿಷಯ ಹೇಳಿದ. ಮನೆಗೆ ಬಂದ ಗಂಡ, “ನಿನ್ ಜೇಡ ನಿದ್ದೆ ಹೊಡೀತಿತ್ತಾ?” ಎಂದು ನಕ್ಕರಂತೆ. ನಕ್ಕಿದ್ದು ಅವರೊಬ್ಬರೇ.

“ಆವತ್ತಿಂದ ಸೋಮಾರಿ ಅನ್ನೋ ಪದ ಬಾಯಿಗೆ ಬಂದ್ರೆ ನಾಲಿಗೆ ಕಚ್ಕೊಳ್ತೀನಿ,” ಎನ್ನುತ್ತಾರೆ ಜೇಡಮ್ಮ.

ಸೇತುವೆ ರಿಪೇರಿಯಾಗಿದೆ, ಹೊಳೆ ಏರಿದಾಗೆಲ್ಲ ಬಂದ್ ಮಾಡುತ್ತಾರೆ. ಜೇಡವೂ ಈಗ ಅಲ್ಲಿಗೆ ನಿಮಿಷಕ್ಕೊಮ್ಮೆ ಹೋಗುತ್ತದೆ. ಆದರೆ ಇವತ್ತಿನ ಹಾಗೆ ಪುಟದ ಬಾಗಿಲೇ ಮುಚ್ಚಿದ್ದರೆ ಪಾಪ, ಅದಾದರೂ ಏನು ಮಾಡೀತು? ಈ ಭಯಕ್ಕೇ ಜೇಡಮ್ಮ ಎಲ್ಲರಿಗಿಂತ ಮೊದಲು ಬಂದು ಕೂರುವುದು.

ಕೊನೆಗೂ ಕೆಂಪು ಸಾಲು ಮಾಯವಾಗುತ್ತದೆ. ಪುಟ ತೆರೆದಿದೆ, ‘ಮುಕ್ತ’ ಎಂದೇ ಇದೆ. ಗಂಡನ ಫೋನೂ ಬರುತ್ತದೆ, ಹಾಲಿನ ಕ್ಯಾನ್ ಏರಿಸುತ್ತಿದ್ದರಂತೆ. ಅವರು ಈಗ ಹುಡುಕುವುದನ್ನೇ ಬಿಟ್ಟು ಹೆಂಡತಿಯನ್ನು ಕೇಳುತ್ತಾರೆ.

“ಹೋಗ್ಲಾ?”

“ಹೋಗಿ.”

ಫೋನಿಟ್ಟ ಮೇಲೂ ಕಣ್ಣು ಪರದೆಯಿಂದ ಕದಲುವುದಿಲ್ಲ. ನಿಮ್ಮ ಆಸೆಯೇನು ಎಂದು ಕೇಳಿದರೆ ತಿರುಗಿ ನೋಡದೆಯೇ ಹೇಳುತ್ತಾರೆ:

“ದೊಡ್ಡದೇನಿಲ್ಲ. ನಾನ್ ಹೇಳಿದ್ದು ಹಳೇದಾಗೋಕ್ ಮುಂಚೆ ಅವ್ರು ಆ ಕಡೆ ದಾಟಿಬಿಡ್ಲಿ, ಅಷ್ಟೇ.”