ಮೀಸಲು ಸೀರೆಗೆ ಚೌಕಾಸಿ

ಹೋದ ತಿಂಗಳು ಬೀರು ಖಾಲಿ ಮಾಡುವಾಗ ತಳದಲ್ಲಿ ಒಂದು ಬಟ್ಟೆಯ ತುಂಡು ಸಿಕ್ಕಿತು. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ್ದು. ಬಣ್ಣವೆಲ್ಲ ಹೋಗಿತ್ತು. ಮೂಗಿನ ಹತ್ತಿರ ಹಿಡಿದರೆ ಮಾತ್ರ ಅರಿಸಿನವೂ ಹೊಸ ರೇಷ್ಮೆಯೂ ಕೂಡಿದ ವಾಸನೆ ಇನ್ನೂ ಒಂಚೂರು ಉಳಿದಿತ್ತು. ಬೀರು ಹಾಗೇ ತೆರೆದಿಟ್ಟು ಕೂತುಬಿಟ್ಟೆ. ಮಗ್ಗದಜ್ಜ ನೆನಪಾದರು...

ತೊಂಬತ್ತರ ದಶಕದಲ್ಲಿ ನಾನು ಮೊಳಕಾಲ್ಮೂರಿನಿಂದ ಸೀರೆ ತಂದು ಚಳ್ಳಕೆರೆಯಲ್ಲಿ ಮನೆ ಮನೆಗೆ ಮಾರುತ್ತಿದ್ದೆ. ಅಂಗಡಿ ಇರಲಿಲ್ಲ, ಹೆಗಲ ಮೇಲಿನ ಗಂಟೇ ಅಂಗಡಿ. ಚೌಕಾಸಿಯನ್ನು ನನಗೆ ಯಾರೂ ಕಲಿಸಿಕೊಡಲಿಲ್ಲ. ಮನಸ್ಸಿಗೆ ಹಿಡಿಸಿದ ಸೀರೆಯನ್ನು ಬದಿಗೆ ತಳ್ಳಬೇಕು, ಹಿಡಿಸದ್ದನ್ನು ಹೊಗಳಬೇಕು, ಮಾತು ಕುದುರದಿದ್ದರೆ ಎದ್ದು ಹೋಗಿ ಚಪ್ಪಲಿ ಮೆಟ್ಟಬೇಕು. ನೀವೂ ನೆನಪಿಟ್ಟುಕೊಳ್ಳಿ, ಚಪ್ಪಲಿ ಮೆಟ್ಟಿದ ಮೇಲೆ ಹೇಳುವ ಬೆಲೆಯೇ ನಿಜವಾದ ಬೆಲೆ. ಮಾರುವವರ ಆಟಗಳೂ ನನಗೆ ಗೊತ್ತಿದ್ದವು. ಗಿರಾಕಿಯ ಆಸೆ ಕೆರಳಿಸಲು, ‘ಇದು ಬೇರೆಯವರಿಗೆ ಅಂತ ಎತ್ತಿಟ್ಟಿದ್ದು’ ಎಂದು ನಾನೇ ಎಷ್ಟು ಸಲ ಹೇಳಿಲ್ಲ?

ಆದರೆ ಮಗ್ಗದಜ್ಜನಿಗೆ ಈ ಯಾವ ಆಟವೂ ಬರುತ್ತಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಲಾಳಿ ಎಸೆಯುತ್ತ, ಒಂದು ಬೆಲೆ ಹೇಳಿ ಸುಮ್ಮನಾಗುತ್ತಿದ್ದರು. ನಾನು ಇಳಿಸಿದರೆ ನಕ್ಕು ತೆಲುಗಿನಲ್ಲಿ ‘ಪರವಾಲೇದು’ ಅನ್ನುತ್ತಿದ್ದರು, ಪರವಾಗಿಲ್ಲ ಅಂತ. ಅವರ ಮನೆಯ ಸೀರೆಗಳಲ್ಲಿ ಹೆಚ್ಚಿನವು ನನ್ನ ಕೈಯಿಂದಲೇ ಮಾರಾಟವಾಗುತ್ತಿದ್ದವು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಒಂದು ವರ್ಷ ನನ್ನ ಗಿರಾಕಿಗಳಾದ ಏಳೆಂಟು ಹೆಂಗಸರನ್ನು ಒಂದು ದಿನದ ಮಟ್ಟಿಗೆ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಎಷ್ಟೋ ನೂರು ವರ್ಷದ ದೇವಸ್ಥಾನ, ಚಳ್ಳಕೆರೆಯಲ್ಲೇ ಹುಟ್ಟಿದವರೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಭಕ್ತಿ ಅರ್ಧ, ವ್ಯಾಪಾರ ಅರ್ಧ. ದಾರಿಯಲ್ಲಿ ಮಗ್ಗ ತೋರಿಸಿದರೆ ಒಂದೆರಡು ಸೀರೆ ಹೋಗುತ್ತವೆ ಎಂಬ ಲೆಕ್ಕ. ಹಿಂದಿನ ವಾರವೇ ಅಜ್ಜನಿಗೆ ಹೇಳಿ ಬಂದಿದ್ದೆ.

ಬಾಡಿಗೆ ಟ್ರ್ಯಾಕ್ಸ್ ಗಾಡಿ ಇಳಿದು ಎಲ್ಲರೂ ಅವರ ಪಡಸಾಲೆಯಲ್ಲಿ ಕೂತೆವು. ಸೊಸೆ ಮಜ್ಜಿಗೆ ಕೊಟ್ಟಳು. ಅಜ್ಜ ತೋರಿಸಿದ ಸೀರೆ ಯಾವುದೂ ನಮ್ಮ ಜೊತೆ ಬಂದಿದ್ದ ಎಣ್ಣೆ ಮಿಲ್ಲಿನ ಮನೆಯ ಯಜಮಾನತಿಗೆ ಹಿಡಿಸಲಿಲ್ಲ. ಆಕೆಯ ಕಣ್ಣು ಗೋಡೆಯ ಗೂಡಿನಲ್ಲಿದ್ದ ಅರಿಸಿನ ಬಟ್ಟೆಯ ಗಂಟಿನ ಮೇಲೆ ಬಿತ್ತು. ಅಜ್ಜ ಏಳುವ ಮೊದಲೇ ನಾನು ಅದನ್ನು ಬಿಚ್ಚಿದೆ. ದಟ್ಟ ಕುಂಕುಮದ ಬಣ್ಣ, ಸಣ್ಣ ಜರಿಯ ಅಂಚು, ಸೆರಗಿನ ತುಂಬ ನವಿಲು. ಅಷ್ಟು ಒಳ್ಳೆಯ ಕೆಲಸ ಅವರ ಕೈಯಿಂದಲೂ ನಾನು ಕಂಡಿರಲಿಲ್ಲ. ಮಗಳ ನಿಶ್ಚಿತಾರ್ಥಕ್ಕೆ ಇದೇ ಬೇಕು ಎಂದರು ಯಜಮಾನತಿ.

“ಅದು ಅಮ್ಮನೋರಿಗೆ ಮೀಸಲು ಐತೆ ತಾಯಿ. ನೀವು ಹೆಂಗೂ ಬೆಟ್ಟಕ್ಕೆ ಹೋಗ್ತೀರಲ್ಲ, ಅದಕ್ಕೇ...” ಎಂದರು ಅಜ್ಜ.

ಆ ಮಾತು ಮುಗಿಯಲು ನಾನು ಬಿಡಲಿಲ್ಲ. “ಅಜ್ಜಾರೆ, ಈ ಮೀಸಲಿನ ಆಟ ನಂಗೂ ಬರ್ತೈತೆ. ಕೊಡಾದಾದ್ರೆ ಕೊಡ್ರಿ. ಇಲ್ಲಾಂದ್ರೆ ಮುಂದಿನ ಓಣಿಯಾಗೂ ಮಗ್ಗ ಅದಾವು,” ಎಂದು ನಕ್ಕು, ಎದ್ದು ಹೋಗಿ ಚಪ್ಪಲಿ ಮೆಟ್ಟಿದೆ.

ಹೆಂಗಸರೂ ನಕ್ಕರು. ನನಗದು ದಿನದ ಮಾತು. ಅಜ್ಜ ಮಾತ್ರ ಅದನ್ನು ನಿಜವಾದ ಮಾತೆಂದೇ ತಿಳಿದರು. ಸೊಸೆಯ ಕಡೆ ಒಮ್ಮೆ ನೋಡಿದರು, ಮಗ್ಗದ ಕಡೆ ಒಮ್ಮೆ ನೋಡಿದರು. “ಪರವಾಲೇದಮ್ಮ, ತಗಳ್ರಿ” ಎಂದರು. ಬೆಲೆ ಕೇಳಿದರೆ ಹೇಳಲಿಲ್ಲ, ನೀವೇ ಏನಾದರೂ ಕೊಡಿ ಎಂದರು. ಆಗಲಾದರೂ ನನಗೆ ತಿಳಿಯಬೇಕಿತ್ತು. ಬೆಲೆ ಏರಿಸಲು ಆಟ ಹೂಡಿದವನು ಕೊನೆಗೆ ಬೆಲೆ ಹೇಳದೆ ಬಿಡುತ್ತಾನೆಯೇ? ಯಜಮಾನತಿ ಸೀರೆಯನ್ನು ಬ್ಯಾಗಿಗೆ ಹಾಕಿಕೊಂಡು ಅರಿಸಿನ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಬೆಟ್ಟದ ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ಎಲ್ಲರಿಗೂ ಏದುಸಿರು. ನಾನು ಮೊದಲು ಹೋದವಳು. ರಾಮೇಶ್ವರನಿಗೆ ಕೈಮುಗಿದು ಅಮ್ಮನವರ ಗುಡಿಯ ಮುಂದೆ ನಿಂತೆ. ಅಭಿಷೇಕ ಮುಗಿದಿತ್ತು. ವಿಗ್ರಹಕ್ಕೆ ಸೀರೆ ಇರಲಿಲ್ಲ, ಒಂದು ಕೆಂಪು ವಸ್ತ್ರವನ್ನಷ್ಟೇ ಸುತ್ತಿದ್ದರು.

“ಚಳ್ಳಕೆರೆಯೋರಾ?” ಎಂದು ಪೂಜಾರಿ ಕೇಳಿದರು. “ಮಗ್ಗದಜ್ಜ ಹೇಳಿ ಕಳಿಸಿದ್ರು, ನಿಮ್ಮೂರಿಂದ ಒಬ್ರು ಸೀರೆ ತರ್ತಾರೆ ಅಂತ. ಅದಕ್ಕೇ ಕಾಯ್ತಾ ಅದೀನಿ. ಅವರ ಹೆಂಡ್ತಿ ಹೊತ್ತಿದ್ದ ಹರಕೆ, ಆಯಮ್ಮ ತೀರಿಸದೇ ಹೋದ್ಲು. ಅವರಿಗೆ ಮಂಡಿನೋವು, ಹತ್ತಕ್ಕಾಗಲ್ಲ. ನೀವೇ ಏನ್ರಿ?”

ಸೀರೆ ಕೆಳಗೆ ಟ್ರ್ಯಾಕ್ಸಿನಲ್ಲಿತ್ತು. ಯಜಮಾನತಿ ಇನ್ನೂ ಮೆಟ್ಟಿಲ ಮೇಲಿದ್ದರು. ಅವರೇನೂ ಕೆಟ್ಟವರಲ್ಲ, ಹೇಳಿದ್ದರೆ ಕೊಡುತ್ತಿದ್ದರೇನೋ... ಆದರೆ ಅವರ ಮುಂದೆ ನನ್ನ ಮರ್ಯಾದೆ ಏನಾಗುತ್ತದೆ, ನಾಳೆ ಅವರ ಮನೆಯ ಬಾಗಿಲು ನನಗೆ ತೆರೆಯುತ್ತದೆಯೇ ಎಂದು ನನ್ನ ತಲೆ ಓಡಿತು.

“ನಾವಲ್ಲ ಸ್ವಾಮಿ” ಎಂದೆ.

ವಾಪಸು ಬರುವಾಗ ಅಜ್ಜನ ಮನೆಯ ಹತ್ತಿರ ನಿಲ್ಲಿಸಲೇ ಎಂದು ಡ್ರೈವರ್ ಭಾಯ್ ಕೇಳಿದ. ಹೊತ್ತಾಯಿತು, ನೇರ ನಡಿ ಎಂದೆ. ಸೂರ್ಯ ಇನ್ನೂ ಮೇಲೆಯೇ ಇದ್ದ.

ಹದಿನೈದು ದಿನ ಬಿಟ್ಟು ಹೋದೆ. ಅಜ್ಜ ಎಂದಿನಂತೆ ಚಾಪೆ ಹಾಕಿಸಿದರು, ಸೀರೆ ಹರಡಿದರು. ನಾನು ಬೆಲೆ ಇಳಿಸಲಿಲ್ಲ, ಹೇಳಿದಷ್ಟಕ್ಕೇ ಒಪ್ಪಿದೆ. ಮತ್ತೆ ಮಗ್ಗಕ್ಕೆ ಕೂತವರು ಲಾಳಿ ನಿಲ್ಲಿಸಿ ಒಂದೇ ಮಾತು ಕೇಳಿದರು.

“ಅವತ್ತು ಅಮ್ಮನೋರು ಏನುಟ್ಟಿದ್ರು ತಾಯಿ?”

“ಹಸಿರು ಸೀರೆ, ಅಜ್ಜಾರೆ. ಚೆಂದಿತ್ತು.”

ತಲೆಯಾಡಿಸಿದರು. ಸೀರೆ ಬರಲೇ ಇಲ್ಲ ಎಂದು ಪೂಜಾರಿ ಅಷ್ಟರೊಳಗೆ ಹೇಳಿ ಕಳಿಸಿದ್ದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮುಂದೆ ಅವರ ಕಣ್ಣಿಗೆ ಪೊರೆ ಬಂತು, ಮಗ ಮಗ್ಗಕ್ಕೆ ಇಳಿದ. ಅಂಥ ನವಿಲು ಆ ಮನೆಯಲ್ಲಿ ಮತ್ತೆ ಆಗಲಿಲ್ಲ. ನಾನು ಚಳ್ಳಕೆರೆಯಲ್ಲೇ ಅಂಗಡಿ ಹಾಕಿದೆ, ಹೋಗಿ ಬರುವುದು ಕಡಿಮೆಯಾಯಿತು. ಅಜ್ಜ ತೀರಿಹೋದ ಸುದ್ದಿ ತಿಳಿದದ್ದೂ ತಿಂಗಳು ಕಳೆದ ಮೇಲೆ...

ವ್ಯಾಪಾರಕ್ಕೆ ಇಳಿದವರಿಗೆ ಒಂದು ಮಾತು ಹೇಳುತ್ತೇನೆ. ಆಟವಾಡುವವರು ಕೊಡಲ್ಲ ಎಂದು ಹತ್ತು ಸಲ ಹೇಳುತ್ತಾರೆ. ಒಂದೇ ಸಲ ಹೇಳಿ ಸುಮ್ಮನಾಗುವವರು ಸಿಕ್ಕರೆ, ಅಲ್ಲಿ ಕೈ ಹಿಂದೆಗೆದುಕೊಳ್ಳಿ. ಇದು ಗೊತ್ತಾಗಲು ನನಗೆ ತಡವಾಯಿತು.

ಮೊನ್ನೆ ಸೋಮವಾರ, ಅಂಗಡಿಯಲ್ಲಿದ್ದ ಒಳ್ಳೆಯ ಮೊಳಕಾಲ್ಮೂರು ಸೀರೆಯೊಂದನ್ನು ತೆಗೆದುಕೊಂಡು ಬೆಟ್ಟಕ್ಕೆ ಹೋದೆ. ದಾರಿಯಲ್ಲಿ ನೋಡಿದರೆ ಅಜ್ಜನ ಮನೆಗೆ ಬೀಗ. ಮಗ, ಸೊಸೆ ಧರ್ಮಾವರದ ಕಡೆ ಹೋದರಂತೆ, ಎಲ್ಲಿ ಅಂತ ಓಣಿಯವರಿಗೆ ಗೊತ್ತಿಲ್ಲ. ನಾಲ್ಕು ಕಡೆ ಕೂತು ಎದ್ದು ಮೆಟ್ಟಿಲು ಹತ್ತಿದೆ. ಪೂಜಾರಿಯೂ ಈಗ ಬೇರೆಯವರು, ಎಳೆಯರು. ಸೀರೆ ತಟ್ಟೆಯಲ್ಲಿಟ್ಟುಕೊಂಡು, ಯಾರ ಹರಕೆ, ಯಾವ ಹೆಸರಿನಲ್ಲಿ ಸಂಕಲ್ಪ ಮಾಡಲಿ ಎಂದು ಕೇಳಿದರು.

ಬಾಯಿ ತೆರೆದೆ. ಹತ್ತು ವರ್ಷ ಆ ಮನೆಯ ಮಜ್ಜಿಗೆ ಕುಡಿದಿದ್ದೆ. ಎಷ್ಟು ಎಳೆ ಜರಿ, ಎಷ್ಟು ಮೊಳ ಸೆರಗು ಎಂದು ಕೇಳಿದ್ದೆನೇ ಹೊರತು ಹರಕೆ ಹೊತ್ತಿದ್ದ ಆ ಅಜ್ಜಿಯ ಹೆಸರನ್ನು ಒಂದು ದಿನವೂ ಕೇಳಿರಲಿಲ್ಲ. ಅಜ್ಜನ ಹೆಸರೂ ನನಗೆ ಮಗ್ಗದಜ್ಜ ಎಂದಷ್ಟೇ.

ಪೂಜಾರಿ ಕಾಯುತ್ತಿದ್ದರು. ಹಿಂದೆ ಜನ ನಿಂತಿದ್ದರು. ಕೊನೆಗೆ ನನ್ನ ಹೆಸರನ್ನೇ ಹೇಳಿದೆ.