ಫೋನ್ ಕಂಪನಿಯ ಮನೆತನ ನೋಡಿದ ಘಾಳೆಪ್ಪ ಕಾಕಾ

ಘಾಳೆಪ್ಪ ಕಾಕಾ ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲ ಹೊರಗಿನ ಚಪ್ಪಲಿಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಒಳಗಿನವರು "ಬರ್ರಿ ಕಾಕಾ, ಬರ್ರಿ" ಎಂದು ಎಷ್ಟು ಕೂಗಿದರೂ ಅಷ್ಟೇ, ಅವರ ನೋಟ ಮುಗಿಯಬೇಕು. ಮಗಳ ಚಪ್ಪಲಿ ಹೊಸದಾಗಿ ಮಿಂಚುತ್ತಿದ್ದು ಸೊಸೆಯ ಚಪ್ಪಲಿಯ ಹಿಮ್ಮಡಿ ತೂತು ಬಿದ್ದಿದ್ದರೆ ಆ ಮನೆಗೆ ಅವರು ಇನ್ನೊಂದು ಹೆಣ್ಣು ತರುತ್ತಿರಲಿಲ್ಲ. ಕಾರಣ ಕೇಳಿದರೆ ಹೇಳುತ್ತಲೂ ಇರಲಿಲ್ಲ. "ಈ ವರ್ಷ ಯೋಗ ಕೂಡಿ ಬರವಲ್ದು" ಎಂದು ಟೋಪಿ ಸರಿಮಾಡಿಕೊಂಡು ಎದ್ದುಬಿಡುತ್ತಿದ್ದರು.

ಅವರ ಊರು ಖಟಕ ಚಿಂಚೋಳಿ. ಕೆಲಸ, ಸಂಬಂಧ ಕೂಡಿಸುವುದು. ಬೀದರ, ಭಾಲ್ಕಿ, ಔರಾದ್ ಈ ಮೂರು ಕಡೆ ಅವರು ಕುಳಿತು ಚಹಾ ಕುಡಿಯದ ಪಡಸಾಲೆ ಇದ್ದಿರಲಿಕ್ಕಿಲ್ಲ. ಬೇರೆ ದಲ್ಲಾಳಿಗಳ ಚೀಲದ ತುಂಬ ಫೋಟೋ, ಜಾತಕ; ಇವರ ಚೀಲದಲ್ಲಿ ಒಂದು ಟವೆಲ್, ಒಂದು ನೀರಿನ ಬಾಟಲಿ. ಎಲ್ಲ ತಲೆಯೊಳಗೇ. ಯಾರಾದರೂ ಹುಡುಗಿಯ ವಿವರ ಬರೆದುಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡು ಹೇಳುತ್ತಿದ್ದರು: "ಬರದಿದ್ದು ನಾಕು ಕೈ ತಿರಗ್ತದವ್ವಾ. ಬಾಯಿಲೆ ಹೇಳು, ನನ್ನ ಹೊಟ್ಟ್ಯಾಗ ಇರ್ತದ." ಹೊಟ್ಟೆಯೂ ಹಾಗೇ ದೊಡ್ಡದಿತ್ತು ಬಿಡಿ. ಅದರೊಳಗೆ ಇಡೀ ಜಿಲ್ಲೆಯ ಮಾತು ತುಂಬಿದೆ ಎಂದು ನಾವು ಅವರೆದುರೇ ಚೇಷ್ಟೆ ಮಾಡುತ್ತಿದ್ದೆವು.

ಇಂಥ ಕಾಕಾ ಷೇರು ಪೇಟೆಗೆ ಬಿದ್ದದ್ದು ನಮ್ಮ ಅಪ್ಪನಿಂದ. ಅಪ್ಪ ನೀರಾವರಿ ಇಲಾಖೆಯಿಂದ ನಿವೃತ್ತರಾದ ಮೇಲೆ ಭಾನುವಾರ ಮುಂಜಾನೆ ಬೀದರದ ನಮ್ಮ ಮನೆಯ ಪಡಸಾಲೆಯಲ್ಲಿ ಷೇರಿನ ಪಂಚಾಯತಿ ಶುರುವಾಯಿತು. ಅಪ್ಪ, ಎದುರು ಮನೆಯ ಕನ್ನಡಕದ ಅಂಗಡಿಯ ರಫೀಕ್ ಚಾಚಾ, ಅಪ್ಪನ ಗೆಳೆಯ ಪಾಟೀಲ ಸರ್, ಆಮೇಲೆ ನಾನು. ನಾನು ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವಳು. ಕಂಪನಿಗಳ ಲಾಭ ನಷ್ಟದ ಪತ್ರ ಓದಿ ಅರ್ಥ ಹೇಳುವ ಕೆಲಸ ನನ್ನದು. ಕಾಕಾ ನನಗೆ ಗಂಡು ಹುಡುಕಲು ಬಂದವರು ಅವಲಕ್ಕಿ ಸೂಸಲದ ರುಚಿಗೆ ಅಲ್ಲೇ ಕುಳಿತರು. ಕುಳಿತವರು ಸುಮ್ಮನೆ ಇರಬೇಕಲ್ಲ! ಪ್ರತಿಯೊಂದು ಕಂಪನಿಯನ್ನೂ ಗಂಡಿನ ಮನೆ ನೋಡಿದಂತೆ ನೋಡತೊಡಗಿದರು. "ಮಾಲಕನ ಫೋಟೋ ನನಗ ಬ್ಯಾಡ. ಅವನ ಹಂತ್ಯಾಕ ಆಳುಗಳು ನಿಲ್ತಾರೇನು, ಅದು ಹೇಳ್ರಿ." ಬಿಸ್ಕತ್ತಿನ ಕಂಪನಿಯೊಂದರ ಷೇರು ಕೊಂಡಾಗ ಮಾತ್ರ ಏನೂ ಕೇಳಲಿಲ್ಲ. ಕಾಕಾನ ಮನೆಯವರು ದಿನಾ ಅದೇ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರಂತೆ, ಅಷ್ಟೇ ಆಧಾರ.

ಆ ಸಲದ ಭಾನುವಾರ ಚರ್ಚೆಗೆ ಬಂದದ್ದು ಒಂದು ಫೋನ್ ಕಂಪನಿ. ಅದು ಮೊದಲ ಬಾರಿಗೆ ಷೇರು ಮಾರಲು ಹೊರಟಿತ್ತು. ಅದೇ ವಾರ, ಆ ಫೋನುಗಳು ಬಳಸುವವರು ಹುಡುಕಿದ್ದು, ಬರೆದದ್ದು ಎಲ್ಲವನ್ನೂ ಬೇರೆಯವರಿಗೆ ದಾಟಿಸುತ್ತವೆ ಎಂಬ ಸುದ್ದಿಯೂ ಬಂದಿತ್ತು. ನನ್ನ ಕೈಯಲ್ಲಿದ್ದದ್ದೂ ಅದೇ ಫೋನು. ನಾನು ಕಂಪನಿಯ ಪರ ವಕಾಲತ್ತು ವಹಿಸಿದೆ.

"ಮಾಲು ಅಗ್ಗ ಅದ, ಮಾರಾಟ ಏರ್ಲಿಕತ್ತದ. ಖಾಸಗಿ ಮಾತು ಅಂತ ಪೇಪರಿನ್ಯಾಗ ಗದ್ದಲ ಮಾಡ್ತಾರ, ಮಂದಿಗಿ ಅದರ ಚಿಂತಿ ಇಲ್ರಿ ಕಾಕಾ" ಎಂದೆ.

"ಚಿಂತಿ ಇಲ್ಲಂತ ಯಾರಂದ್ರು ತಂಗೀ? ಗೊತ್ತಿಲ್ಲ ಅಷ್ಟೇ" ಎಂದರು ಕಾಕಾ.

ರಫೀಕ್ ಚಾಚಾ ಬೇಡವೇ ಬೇಡ ಎಂಬಂತೆ ಎರಡೂ ಕೈ ಆಡಿಸಿದರು. "ನಕ್ಕೋ ಜೀ, ನಕ್ಕೋ! ಮೊಣಕಾಲು ನೋಯ್ತದಂತ ಮೊನ್ನಿ ಬೇಗಂ ಮುಂದ ಅಂದೆ. ಮುಂಜಾನಿ ಎದ್ದು ನೋಡ್ತೇನಿ, ಫೋನಿನ್ಯಾಗ ಮೊಣಕಾಲಿನ ಎಣ್ಣಿ! ನಮ್ಮ ಬೇಗಂ ಸುದ್ದಾ ನನ್ನ ಮಾತು ಇಷ್ಟು ಧ್ಯಾನ ಕೊಟ್ಟು ಕೇಳಂಗಿಲ್ಲ."

ಪಾಟೀಲ ಸರ್ ಕನ್ನಡಕ ಏರಿಸಿದರು. "ಫೋನು ಮಾರಿದ್ದ್ರಾಗ ಅವರಿಗಿ ಭಾಳ ಉಳಿಯಂಗಿಲ್ರಿ. ಫೋನು ಹಿಡದವರ ಮಾಹಿತಿ ಅದಲ್ಲ, ಅದರಾಗೇ ಮುಂದಿನ ಲಾಭ."

"ಹಂಗಂದ್ರ ನನ್ನ ಧಂದಾನೇ ಅವರದೂ" ಎಂದರು ಕಾಕಾ.

ನಾವೆಲ್ಲ ಗೊಳ್ಳೆಂದು ನಕ್ಕೆವು. ಕಾಕಾ ನಗಲಿಲ್ಲ. "ನಗಬ್ಯಾಡ್ರಿ. ಯಾರ ಮನ್ಯಾಗ ಪೋರಿ ಇದ್ದಾಳ, ಯಾರಿಗಿ ಸಾಲ ಅದ, ಯಾರಿಗಿ ಸಕ್ಕರಿ ಬ್ಯಾನಿ ಅದ, ಎಲ್ಲಾ ನನಗ ಗೊತ್ತದ. ಅದರ ಮ್ಯಾಲೇ ನನ್ನ ರೊಟ್ಟಿ. ಆದ್ರ ಒಂದು ಮನಿ ಮಾತು ಇನ್ನೊಂದು ಮನ್ಯಾಗ ಒಮ್ಮಿ ಆಡಿದೆ ಅಂತ ತಿಳೀರಿ, ಭಾಲ್ಕಿಲಿಂದ ಔರಾದ್ ತನಕ ಒಬ್ಬರೂ ನನಗ ನೀರು ಕೊಡಂಗಿಲ್ಲ. ಮಾತು ಆಡಿದರ ಹೋಯ್ತು, ಮುತ್ತು ಒಡದರ ಹೋಯ್ತು. ಈ ಕಂಪನಿ ನಾಲಗಿ ಸಡಿಲ ಅದ. ಮನಿತನ ಚೊಲೊ ಇಲ್ರಿ."

ಮನೆತನ ಚೆನ್ನಾಗಿಲ್ಲವೆಂದು ಷೇರು ಬಿಡುವವರುಂಟೇ? ಅಪ್ಪ, ಪಾಟೀಲ ಸರ್, ನಾನು ಅರ್ಜಿ ಹಾಕಿದೆವು. ಕಾಕಾ, ಚಾಚಾ ದೂರ ಉಳಿದರು.

ಆ ದಿನ ನಾನು ಅಷ್ಟು ಜೋರಾಗಿ ವಾದ ಮಾಡಿದ್ದಕ್ಕೆ ಈಗ ನನಗೇ ನಗು ಬರುತ್ತದೆ. ಯಾಕೆಂದರೆ ಮುಚ್ಚಿಡುವ ಮಾತು ಆ ಪಡಸಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದದ್ದು ನನ್ನ ಹತ್ತಿರ. ಸಣ್ಣವಳಿದ್ದಾಗಿನಿಂದ ನನಗೆ ಫಿಟ್ಸ್ ಬರುತ್ತಿತ್ತು. ಗುಳಿಗೆಯಿಂದ ಹಿಡಿತಕ್ಕೆ ಬಂದು, ಕಾಲೇಜು ಸೇರಿದ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಆದರೂ ಅಪ್ಪ ಅವ್ವ ಆ ಹೆಸರನ್ನು ಮನೆಯೊಳಗೂ ಪಿಸುಮಾತಿನಲ್ಲೇ ಆಡುತ್ತಿದ್ದರು. ಕಾಕಾನಿಗೆ ಅಪ್ಪ ಹೇಳಿರಲಿಲ್ಲ. ನಾನು ಗುಳಿಗೆ ನುಂಗುವುದನ್ನು ಒಮ್ಮೆ ನೋಡಿ ಕಾಕಾ ತಾವೇ ತಿಳಿದುಕೊಂಡರು. ಮರುವಾರ ಬಂದಾಗ ನನ್ನನ್ನು ಹಿತ್ತಲಿಗೆ ಕರೆದರು.

"ತಂಗೀ, ನಿಂದೇನದ ಅಂತ ನಾ ಕೇಳಂಗಿಲ್ಲ. ನಾ ಯಾರಿಗೂ ಹೇಳಂಗಿಲ್ಲ. ಆದ್ರ ಹೂಂ ಅನ್ನೋಕ್ಕಿಂತ ಮೊದಲು ಪೋರಗ ನೀನೇ ಹೇಳಬೇಕು. ಕೂತು ಮಾತಾಡ್ಲಿಕ್ಕಿ ಜಾಗಾ ನಾ ಮಾಡಿ ಕೊಡ್ತೇನಿ. ಹೇಳಂಗಿಲ್ಲ ಅಂದ್ರ ನಿಮ್ಮ ಮನಿ ಕೆಲಸ ನಾ ಹಿಡ್ಯಂಗಿಲ್ಲ."

ನನಗೆ ಹಾಯೆನಿಸಿತು. ಅಷ್ಟು ವರ್ಷದಲ್ಲಿ ಆ ಮಾತು ನನ್ನದು, ಅದನ್ನು ಆಡುವ ಬಾಯಿ ನನ್ನದು ಎಂದು ಹೇಳಿದವರು ಅವರೊಬ್ಬರೇ. ಹೇಗೆ ಹೇಳಬೇಕೆಂದು ಕನ್ನಡಿ ಮುಂದೆ ನಿಂತು ಎಷ್ಟೋ ಸಲ ಅಭ್ಯಾಸ ಮಾಡಿದೆ. ಯಾರ ಬಾಯಿಂದಲೂ ಅದು ಮೊದಲು ಬೀಳಬಾರದು, ನನಗೆ ಬೇಕಾಗಿದ್ದದ್ದು ಅಷ್ಟೇ.

ಡಾಬಕಾದಿಂದ ಗಂಡಿನವರು ಬಂದರು. ಹುಡುಗ ಸಂಗಮೇಶ, ಔರಾದಿನಲ್ಲಿ ದನದ ದವಾಖಾನೆಯಲ್ಲಿ ಕೆಲಸ. ಜೊತೆಗೆ ಅವರ ತಾಯಿ ಕಸ್ತೂರಬಾಯಿ. ಹೊಲ, ಮನೆ ಎರಡನ್ನೂ ಒಬ್ಬರೇ ಆಳಿದ ಹೆಣ್ಣುಮಗಳು, ಮಾತು ಖಡಕ್. ಚಹಾ ಆಯಿತು. ಇನ್ನೇನು ಕಾಕಾ ನಮ್ಮಿಬ್ಬರನ್ನು ಮಾಳಿಗೆಗೆ ಕಳಿಸಬೇಕು, ಅಷ್ಟರಲ್ಲಿ ಅಪ್ಪನಿಗೆ ಉಮೇದು ಬಂತು. ಕಾಲೇಜಿನ ಸಮಾರಂಭದಲ್ಲಿ ನಾನು ಭಾಷಣ ಮಾಡಿದ ವಿಡಿಯೋ ತೋರಿಸಲು ನನ್ನ ಫೋನನ್ನೇ ತೆಗೆದು ಕಸ್ತೂರಬಾಯಿಯವರ ಕೈಗಿತ್ತರು. ಭಾಷಣಕ್ಕಿಂತ ಮೊದಲು ಜಾಹೀರಾತು ಬಂತು. ಅವರು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು: "ಫಿಟ್ಸ್ ಇದ್ದರೂ ತಾಯಿಯಾಗಬಹುದು."

ಆ ವಾರವಿಡೀ ನಾನು ಫೋನಿನಲ್ಲಿ ಹುಡುಕಿದ್ದು ಅದೊಂದೇ ಪ್ರಶ್ನೆ.

"ಇದೇನ್ರಿ ಇದು? ಯಾರಿಗದ ಫಿಟ್ಸ್?" ಎಂದರು ಕಸ್ತೂರಬಾಯಿ.

ಅಪ್ಪ ತೊದಲಿದರು. "ಜಾಹೀರಾತು ರೀ, ಎಲ್ಲಾರಿಗೂ ಬರ್ತಾವ..."

"ನನ್ನ ಫೋನಿನ್ಯಾಗ ಎಮ್ಮಿ ಹಿಂಡಿಂದು ಬರ್ತದ. ಇದು ಬರಂಗಿಲ್ಲ." ಅವರು ಕಾಕಾನ ಕಡೆ ತಿರುಗಿದರು. "ಕಾಕಾ, ನಿಮಗ ಎಲ್ಲಾ ಗೊತ್ತಿರ್ತದ. ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ."

ಉಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕಾಕಾನ ಮಾತನ್ನು ಆ ಮೂರು ತಾಲೂಕಿನಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ಅಪ್ಪ ಅವರ ಮುಖವನ್ನೇ ನೋಡುತ್ತಿದ್ದರು, ಬೇಡಿಕೊಳ್ಳುವಂತೆ. ಕಾಕಾ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಅಕ್ಕಾ, ಗೊತ್ತಿದ್ದಿದ್ದೆಲ್ಲಾ ಆಡೋ ಮನುಷ್ಯ ನಾ ಆಗಿದ್ರ, ನಿಮ್ಮ ಮನಿ ಮಾತು ಇವರಿಗಿ ಹೋದ ತಿಂಗಳೇ ಹೇಳ್ತಿದ್ದೆ."

ಕಸ್ತೂರಬಾಯಿ ಫೋನನ್ನು ಅಪ್ಪನ ಕೈಗೆ ವಾಪಸು ಕೊಟ್ಟರು. ಅವರ ಮನೆಯ ಆ ಮಾತು ಏನೆಂದು ಸೊಸೆಯಾಗಿ ಈಗ ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.

ನಾನೇ ಎದ್ದೆ. "ನನಗ್ರಿ. ನನಗ ಫಿಟ್ಸ್ ಬರ್ತಿತ್ತು. ಈಗ ಬರಂಗಿಲ್ಲ, ಗುಳಿಗಿ ತಗೋತೇನಿ" ಎಂದೆ. ಕನ್ನಡಿ ಮುಂದೆ ಕಲಿತ ಚಂದದ ಮಾತುಗಳೆಲ್ಲ ಎಲ್ಲಿ ಹೋದವೋ! ಅವ್ವ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಕಸ್ತೂರಬಾಯಿಯವರಿಗೆ ಸಿಟ್ಟು ಬಂತು. ಆದರೆ ಬಂದದ್ದು ರೋಗದ ಮೇಲಲ್ಲ. "ಊರು ಕೇರಿ ಗೊತ್ತಿಲ್ಲದ ಕಂಪನಿಗಿ ಹೇಳೀದಿ. ಮನಿಗಿ ಬಂದು ಕೂತವರಿಗಿ ಹೇಳ್ಲಿಕ್ಕಿ ಏನಾಗಿತ್ತವ್ವಾ ನಿನಗ?"

"ಹೇಳ್ಲಿಕ್ಕೇ ತಯಾರಾಗಿದ್ದಳು ಆಕಿ. ಫೋನು ಮುಂದ ಹೋಯ್ತು" ಎಂದರು ಕಾಕಾ. ಆಮೇಲೆ ಏನೂ ಆಗಿಲ್ಲವೆಂಬಂತೆ, "ಮಾಳಿಗಿ ಮ್ಯಾಲ ಗಾಳಿ ಛಂದ ಅದ. ಪೋರ ಪೋರಿ ಮಾತಾಡ್ಲಿ, ಹೋಗ್ರವ್ವಾ" ಎಂದು ನಮ್ಮಿಬ್ಬರನ್ನೂ ಕಳಿಸಿದರು. ಅಂಥ ಹೊತ್ತಿನಲ್ಲೂ ಕೊಟ್ಟ ಮಾತು ಮರೆತಿರಲಿಲ್ಲ ಪುಣ್ಯಾತ್ಮ.

ಮಾಳಿಗೆಯ ಮೇಲೆ ಸಂಗಮೇಶ, "ಆ ಜಾಹೀರಾತಿನ್ಯಾಗ ಇದ್ದದ್ದು ನೀವು ಕೇಳಿದ ಪ್ರಶ್ನಿ ಏನ್ರಿ?" ಎಂದರು.

"ಹೌದ್ರಿ."

"ಉತ್ತರ ಏನು ಸಿಕ್ತು?"

"ಡಾಕ್ಟರ್ ಸಲಹಾ ತಗೊಂಡ್ರ ಆಗಬಹುದು ಅಂತದ್ರಿ."

"ಮತ್ತ ಆಯ್ತಲ್ರಿ" ಎಂದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು ನನಗೆ.

ಅಷ್ಟಕ್ಕೇ ಲಗ್ನ ಕೂಡಲಿಲ್ಲ. ಕಸ್ತೂರಬಾಯಿ ಹೂಂ ಅನ್ನದೆ ಎದ್ದು ಹೋದರು. ಊರಲ್ಲಿ ಗುಸುಗುಸು ಶುರುವಾಯಿತು, ಡಾಬಕಾದ ಸಂಬಂಧ ಯಾಕೆ ನಿಂತಿತೆಂದು. ಕೇಳಿದವರಿಗೆಲ್ಲ ಕಾಕಾ ಒಂದೇ ಉತ್ತರ ಕೊಟ್ಟರು: "ನಂದೇ ತಪ್ಪು, ವಯಸ್ಸಾಯ್ತು, ನನಗ ಮನಿ ತಿಳಿಲಿಲ್ಲ." ತಮ್ಮ ಹೆಸರಿಗೆ ತಾವೇ ಮಸಿ ಬಳಿದುಕೊಂಡರು. ಕೆಲವು ಮನೆಯವರು ಬೇರೆ ದಲ್ಲಾಳಿಯ ಕಡೆ ಹೋದರು ಕೂಡ. ಆಮೇಲೊಂದು ದಿನ ಕಸ್ತೂರಬಾಯಿ ಔರಾದಿನ ಬಸ್ಸಿಳಿದು ಒಬ್ಬರೇ ನಮ್ಮ ಮನೆಗೆ ಬಂದು, "ನಿನ್ನ ಡಾಕ್ಟರ್ ಎಲ್ಲಿರ್ತಾರ, ಕರಕೊಂಡು ನಡಿ" ಎಂದರು. ಡಾಕ್ಟರ ಮುಂದೆ ಕುಳಿತು ಅವರು ಕೇಳಿದ ಪ್ರಶ್ನೆಗಳನ್ನು ನಾನಾಗಲೀ ನನ್ನ ಫೋನಾಗಲೀ ಅದುವರೆಗೆ ಕೇಳಿರಲಿಲ್ಲ. ಹೊರಗೆ ಬಂದು ಕಬ್ಬಿನ ಹಾಲು ಕುಡಿಸಿ, ಲಗ್ನದ ಮಾತು ತೆಗೆದರು.

ಇನ್ನು ಆ ಷೇರು? ಸೊರಗಿ ಬಿದ್ದಿತೆಂದು ಬರೆದರೆ ಕಾಕಾನ ತೂಕ ಹೆಚ್ಚುತ್ತಿತ್ತು, ಆದರೆ ಸುಳ್ಳಾಗುತ್ತದೆ. ಅದು ಚೆನ್ನಾಗಿಯೇ ಏರಿತು. ಪಾಟೀಲ ಸರ್ ಪೇಢೆ ತಂದು ಕಾಕಾನ ಬಾಯಿಗೇ ಇಟ್ಟು, "ಏನ್ರಿ ಕಾಕಾ, ನಿಮ್ಮ ಭವಿಷ್ಯ ಠುಸ್ ಆಯ್ತಲ್ಲ!" ಎಂದು ಕಾಡಿದರು. ಕಾಕಾ ಪೇಢೆ ನುಂಗಿ, ಸಾವಕಾಶವಾಗಿ ಹೇಳಿದರು: "ಗಂಡು ಶ್ರೀಮಂತ ಆಗಂಗಿಲ್ಲ ಅಂತ ನಾ ಎಲ್ಲಿ ಅಂದೀನಿ? ಮನಿತನ ಚೊಲೊ ಇಲ್ಲ ಅಂದೀನಿ. ಇನ್ನೊಂದು ಪೇಢೆ ಕೊಡ್ರಿ." ಅಪ್ಪ ಮಾತ್ರ ಆ ಷೇರನ್ನು ಸದ್ದಿಲ್ಲದೆ ಮಾರಿಬಿಟ್ಟಿದ್ದರು. ನಾನೂ ಮಾರಿದೆ. ಫೋನು ಬದಲಿಸಿದೆ, ಹೊಸದು ಎಷ್ಟು ಸಂಭಾವಿತವೋ ದೇವರೇ ಬಲ್ಲ.

ಈಚೆಗೆ ಕಾಕಾನಿಗೆ ಮರೆವು ಹಿಡಿದಿದೆ ಎಂದು ಸುದ್ದಿ ಬಂತು. ಮಗನ ಗುರುತೂ ಒಮ್ಮೊಮ್ಮೆ ಸಿಗುವುದಿಲ್ಲವಂತೆ. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿತ್ತು: ಖಟಕ ಚಿಂಚೋಳಿಗೆ ದಿನಾ ಜನ ಬರುತ್ತಿದ್ದಾರೆ, ಕಾಕಾನ ಯೋಗಕ್ಷೇಮ ಕೇಳುವ ನೆಪದಲ್ಲಿ ಅವರ ಬಾಯಿ ಕಾಯುತ್ತಿದ್ದಾರೆ ಎಂದು. ಬುದ್ಧಿಯ ಹಿಡಿತ ತಪ್ಪಿದ ಮುದುಕ, ಹೊಟ್ಟೆಯಲ್ಲಿ ಊರೆಲ್ಲರ ಮಾತು. ಹೆದರಿಕೆ ಸಹಜ ಬಿಡಿ. ನಾನೂ ಅತ್ತೆಯೂ ನನ್ನ ಮಗಳನ್ನು ಕರೆದುಕೊಂಡು ಭಾಲ್ಕಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹೋದೆವು. ಹೆದರಿ ಅಲ್ಲ, ನೋಡಬೇಕೆನಿಸಿ.

ಹೊಟ್ಟೆ ಕರಗಿಹೋಗಿತ್ತು. ಟೋಪಿ ಇರಲಿಲ್ಲ. ನನ್ನನ್ನು ನೋಡಿ ನಕ್ಕರು, ಆದರೆ ಅದು ಯಾರನ್ನು ನೋಡಿದರೂ ನಗುವ ನಗು.

"ಲಗ್ನ ಆಗ್ಯಾದೇನವ್ವಾ?" ಎಂದು ಕೇಳಿದರು.

"ಆಗ್ಯಾದ ಕಾಕಾ. ನೀವೇ ಮಾಡಿಸೀರಿ."

"ನಾನಾ? ಹಂಗಾದ್ರ ಚೊಲೊ ಮನೀನೇ ಇರಬೇಕು."

ಅತ್ತೆಗೆ ತಡೆಯಲಾಗಲಿಲ್ಲ. ಪರೀಕ್ಷೆ ಮಾಡಬೇಕೆಂದೋ, ಹಳೆಯ ಸೇಡೋ, ಮಂಚದ ಹತ್ತಿರ ಬಗ್ಗಿ ಕೇಳಿಯೇಬಿಟ್ಟರು: "ಕಾಕಾ, ಈ ಪೋರಿದು ಏನರೆ ಗೊತ್ತದೇನು ನಿಮಗ? ಏನಾರ ಇದ್ರ ಹೇಳ್ರಿ, ಈಗ ಯಾರೂ ಇಲ್ಲ."

ಕಾಕಾ ನನ್ನ ಮುಖ ನೋಡಿದರು. ಏನೂ ನೆನಪಿರಲಿಲ್ಲ, ಅದು ಕಣ್ಣಲ್ಲೇ ಕಾಣುತ್ತಿತ್ತು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ನೀವು ಈಕಿಗಿ ಏನಾಗಬೇಕ್ರಿ?"

"ಅತ್ತಿ ಆಗಬೇಕು."

"ಒಂದೇ ಮನ್ಯಾಗ ಇರ್ತೀರಿ?"

"ಹೂಂ ಮತ್ತ."

"ದಿನಾ ಕೂಡಿ ಉಣ್ತೀರಿ. ಮತ್ತ ಯಾವನೋ ಮುದುಕನ್ನ ಯಾಕ ಕೇಳ್ತೀರ್ರಿ?"

ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಕಾಕಾನ ಪಾದ ಮುಟ್ಟಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು, ನಾನು ಯಾರೆಂದು ತಿಳಿಯದೆಯೇ ಆಶೀರ್ವಾದ ಮಾಡಿದರು.